ಮಿಸುಕದ ನೀರು

ಸರ್ವೆ ಕಂಪನಿಗೆ ಡ್ರೋನ್ ಹಾರಿಸುವ ಮೊದಲು ನನ್ನದು ರಾಮನಗರದಲ್ಲಿ ಫೋಟೋ ಸ್ಟುಡಿಯೋ ಇತ್ತು. ಸತ್ತವರನ್ನು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಮನೆಮಂದಿಯನ್ನೆಲ್ಲ ಸುತ್ತ ನಿಲ್ಲಿಸಿ ಎಷ್ಟೋ ಫೋಟೋ ತೆಗೆದಿದ್ದೇನೆ. ಅಳುವವರು ಅಲ್ಲಾಡಿ ಮಸುಕಾಗುತ್ತಿದ್ದರು. ಹೆಣ ಮಾತ್ರ ಸ್ಪಷ್ಟವಾಗಿ ಬರುತ್ತಿತ್ತು.

ನೀರಿನ ಮೇಲೆ ಡ್ರೋನ್ ಹಾರಿಸುವಾಗಲೂ ಇದೇ ಗೋಳು. ಸಾಲಾಗಿ ತೆಗೆದ ಚಿತ್ರಗಳನ್ನು ಕಂಪ್ಯೂಟರ್ ಹೊಲಿದು ನಕ್ಷೆ ಮಾಡಬೇಕು. ಪಕ್ಕಪಕ್ಕದ ಚಿತ್ರಗಳಲ್ಲಿ ಒಂದೇ ಗುರುತು ಕಂಡರೆ ತಾನೇ ಹೊಲಿಗೆ ಬೀಳುವುದು? ಕೂಟಗಲ್ ಕಡೆಯ ಕೆರೆಯಲ್ಲಿ ಬರೀ ಅಲೆ, ಬಿಸಿಲಿನ ಥಳುಕು. ಮೋಡಕ್ಕೆ ಕಾದೆ, ಬೆಳಗ್ಗೆ ಬೇಗ ಹೋದೆ, ಆದಷ್ಟು ದಡ ಸೇರಿಸಿ ತೆಗೆದೆ. ಆದರೂ ನಕ್ಷೆಯ ನಡುವೆ ದೊಡ್ಡ ತೂತು. ಸರ್ವೆ ಕಂಪನಿಯ ಮ್ಯಾನೇಜರು ಬಾಯಿಗೆ ಬಂದಂತೆ ಬೈದ.

ಆಮೇಲೆ ಕಳಿಸಿದ್ದು ಕಾರ್ಖಾನೆಗಳ ಬೆನ್ನಿಗಿದ್ದ ಒಂದು ಕೆರೆಗೆ. ಕೊಳೆನೀರು ಬಿದ್ದೂ ಬಿದ್ದೂ ಮೇಲೆ ಕಪ್ಪಗೆ ಕೆನೆಗಟ್ಟಿತ್ತು. ಅದಕ್ಕೆ ಸತ್ತ ಮೀನುಗಳು ಅಂಟಿಕೊಂಡಿದ್ದವು. ಗಾಳಿ ಬೀಸಿದರೂ ನೀರು ಮಿಸುಕಲಿಲ್ಲ. ದಡದಲ್ಲಿ ಕುರಿಗಳನ್ನು ನೀರಿಗಿಳಿಯದಂತೆ ತಡೆದು ನಿಂತಿದ್ದ ಮುದುಕ ಕೇಳಿದ, "ಮ್ಯಾಲಿಂದ ಎಂಗೈತಪ್ಪಾ ನಮ್ ಕೆರೆ?"

"ಚೆನ್ನಾಗೈತೆ ತಾತ" ಅಂದೆ. ಸುಳ್ಳೇನಲ್ಲ. ಮಟಮಟ ಮಧ್ಯಾಹ್ನ ತೆಗೆದರೂ ಮೀನಿಗೆ ಮೀನು ಕೂಡಿ, ಒಂದೂ ತೂತಿಲ್ಲದ ನಕ್ಷೆ ಬಂತು.

ಮ್ಯಾನೇಜರು ಅದಕ್ಕೆ ಫ್ರೇಮ್ ಹಾಕಿಸಿ ಆಫೀಸಿನ ಗೋಡೆಗೆ ತೂಗುಹಾಕಿದ. ನನ್ನ ಬೆನ್ನು ತಟ್ಟಿ ಅಂದ, "ಇನ್ಮೇಲೆ ಎಲ್ಲಾ ಕೆರೇನೂ ಹಿಂಗೇ ಬರ್ಬೇಕು ಕಣಯ್ಯಾ."