ಬೆನ್ನು ಮುಟ್ಟಿ ಆರಿಸಿದ ಬಟ್ಟೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಸೋಫಾದ ಬಟ್ಟೆ ಕುಂಕುಮದ ಕೆಂಪು ಎಂದು ಇಷ್ಟು ವರ್ಷ ನಂಬಿದ್ದೆ. ಮೊನ್ನೆ ನೋಡಿದರೆ ಅದು ಹಳೆಯ ಹುಣಸೆಹಣ್ಣಿನ ಬಣ್ಣ. ಒಂದು ಬಣ್ಣವನ್ನೇ ನೆಟ್ಟಗೆ ಇಟ್ಟುಕೊಳ್ಳಲಾರದ ನೆನಪು ಮನುಷ್ಯರನ್ನು ಹೇಗೆ ಇಟ್ಟುಕೊಂಡೀತು ಎಂಬ ಅನುಮಾನದೊಂದಿಗೇ ಬರೆಯುತ್ತಿದ್ದೇನೆ. ವಾಸನೆಯ ವಿಷಯದಲ್ಲಿ ಮಾತ್ರ ಅನುಮಾನವಿಲ್ಲ. ಚಿಕ್ಕೋಡಿಯ ನಮ್ಮ ಮನೆಯ ಅಂಗಳದಲ್ಲಿ ಸೋಫಾ ರಿಪೇರಿಯ ಬಾಬುಭಾಯಿ ಮೊಳೆ ಕೀಳುತ್ತಿದ್ದಾಗ ಒಳಗಿನ ತೆಂಗಿನ ನಾರಿನಿಂದ ಒಂದು ಹಿಡಿ ಧೂಳು ಎದ್ದಿತು. ಖಾರದ, ಸ್ವಲ್ಪ ಬೆಲ್ಲದಂಥ, ಸೀನನ್ನು ಮೂಗಿನ ತುದಿಗೆ ತಂದು ಅಲ್ಲೇ ನಿಲ್ಲಿಸಿಬಿಡುವ ವಾಸನೆ. ಬಾಬುಭಾಯಿ ಟವೆಲಿನಿಂದ ಮೂಗು ಮುಚ್ಚಿಕೊಂಡು, "ತಂಬಾಕದ ಮನಿ ಸೋಫಾ ಅಲ್ರಿ ಅಕ್ಕಾರ ಇದು?" ಎಂದ. ಹೌದೆಂದೆ. ಆ ಮನೆ ಈಗ ಇಲ್ಲ.

ಕೊಗನೊಳ್ಳಿಯ ಹತ್ತಿರ ಹೆದ್ದಾರಿಗೆ ಮುಖ ಮಾಡಿ ನಿಂತಿದ್ದ ಮನೆ ಅದು. ರಸ್ತೆ ಅಗಲ ಮಾಡುವಾಗ ಹೋಯಿತು. ಈಗ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ಪಡಸಾಲೆ ಎಲ್ಲಿತ್ತು, ಅಡುಗೆಮನೆ ಎಲ್ಲಿತ್ತು ಎಂದು ನಾನು ಅಂದಾಜು ಮಾಡುವಷ್ಟರಲ್ಲಿ ಬಸ್ಸು ಎರಡನ್ನೂ ದಾಟಿರುತ್ತದೆ. ಮನೆಗೆ ಅಂಟಿಕೊಂಡೇ ತಂಬಾಕಿನ ವಖಾರ, ಅಂದರೆ ಗೋದಾಮು, ಇತ್ತು. ಎಲೆ ಒಣಗಿ ಬಂದ ದಿನಗಳಲ್ಲಿ ನಮ್ಮ ಹಾಸಿಗೆಗೆ, ರೊಟ್ಟಿಯ ಬುಟ್ಟಿಗೆ, ನನ್ನ ಪಾಟಿಚೀಲಕ್ಕೆ ಎಲ್ಲಕ್ಕೂ ಅದೇ ವಾಸನೆ. ವಖಾರದ ಬಾಗಿಲಲ್ಲಿ ಗೋಣಿತಟ್ಟಿನ ಮೇಲೆ ಆತ್ಯಾ ಕೂತಿರುತ್ತಿದ್ದಳು. ಆತ್ಯಾ ಎಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಇಪ್ಪತ್ತೆರಡರ ಪ್ರಾಯದಲ್ಲೇ ತವರಿಗೆ ಬಂದವಳು. ಒಂದೊಂದೇ ಎಲೆಯನ್ನು ಎಡಗೈಯ ಮೇಲೆ ಮಗುಚಿ ಹಾಕಿಕೊಂಡು, ಅದರ ಬೆನ್ನಿನಲ್ಲಿ ಉಬ್ಬಿದ ನರಗಳ ಮೇಲೆ ಬಲಗೈ ಹೆಬ್ಬೆರಳನ್ನು ನಿಧಾನವಾಗಿ ಎಳೆಯುತ್ತಿದ್ದಳು. ಎಲೆ ಹದವಾಗಿ ಒಣಗಿದೆಯೋ, ಒಳಗೆ ಇಬ್ಬನಿ ಉಳಿದಿದೆಯೋ, ಮುರಿದರೆ ಚೂರಾಗುವುದೋ ಬರೀ ಪುಡಿಯಾಗುವುದೋ ಆ ಬೆರಳಿಗೆ ಗೊತ್ತಾಗುತ್ತಿತ್ತು. ನಿಪ್ಪಾಣಿಯ ವ್ಯಾಪಾರಿಗಳು ಅಪ್ಪನ ಮಾತಿಗಿಂತ ಮೊದಲು ಅವಳ ಮಾತಿಗೆ ಕಾಯುತ್ತಿದ್ದರು. "ಎಲಿ ಮಾರಿ ಬಂದವರಿಗೆಲ್ಲಾ ನಗತೈತಿ. ಬೆನ್ನ ಸುಳ್ಳ ಹೇಳಂಗಿಲ್ಲ," ಎನ್ನುತ್ತಿದ್ದಳು. ಮಾರಿ ಎಂದರೆ ಮುಖ, ಎಲೆಯ ಮೇಲಿನ ಬದಿ. ನಾನೂ ಪಕ್ಕದಲ್ಲಿ ಕೂತು ಬೆರಳು ಎಳೆಯುತ್ತಿದ್ದೆ. ನನಗೆ ಏನೂ ತಿಳಿಯುತ್ತಿರಲಿಲ್ಲ. ಹೆಬ್ಬೆರಳು ಮಾತ್ರ ಕಂದಾಗುತ್ತಿತ್ತು.

ಕಾಕಾನ, ಅಂದರೆ ಅಪ್ಪನ ತಮ್ಮನ, ಲಗ್ನ ಅಥಣಿ ಕಡೆಯ ಮನೆತನದಲ್ಲಿ ಗೊತ್ತಾದ ವರ್ಷ ನನಗೆ ಹತ್ತು ತುಂಬಿರಬೇಕು. ಬೀಗರು ಬಂದರೆ ಕೂರಿಸಲು ಸೋಫಾ ಬೇಕೆಂದು ಕಾಕಾ ಹಟ ಹಿಡಿದ. ಅಪ್ಪ ಸಾಗುವಾನಿ ಕಟ್ಟಿಗೆಯಲ್ಲಿ ಬಡಿಗನಿಂದ ಚೌಕಟ್ಟು ಮಾಡಿಸಿದ. ಬಟ್ಟೆಯ ಮಾತು ಬಂದಾಗ ಕಾಕಾನಿಗೆ ಮಖಮಲ್ಲೇ ಬೇಕಾಗಿತ್ತು. ಅಪ್ಪ ಒಪ್ಪಲಿಲ್ಲ. "ಅರಿವಿ ಆರಸಾಕ ಅಕ್ಕನ್ನ ಕರಕೊಂಡ ಹೋಗು. ನಿನ್ನ ಕಣ್ಣಿಗಿಂತ ಆಕಿ ಕೈ ಶಾಣ್ಯಾ ಐತಿ," ಎಂದ. ಹಾಗೆ ಆತ್ಯಾ, ಕಾಕಾ, ನಾನು ಮೂವರೂ ನಿಪ್ಪಾಣಿಗೆ ಹೋದೆವು.

ಅಂಗಡಿಯ ಬಿಳಿ ಗಾದಿಯ ಮೇಲೆ ಬಟ್ಟೆಯ ಥಾನುಗಳು ಒಂದರ ಮೇಲೊಂದು ಬಿಚ್ಚಿಕೊಂಡವು. ಕೈ ಆಡಿಸಿದ ಕಡೆಗೆ ಬಣ್ಣ ಬದಲಿಸುವ ಮಖಮಲ್ಲು. ಆಗತಾನೇ ಗಳೆ ಹೊಡೆದ ಹೊಲದಂತೆ ಗೆರೆಗೆರೆ ಎದ್ದ ಬಟ್ಟೆ. ಗೋಣಿಯಷ್ಟು ಒರಟಾಗಿದ್ದೂ ಹೊಳೆಯುವ ಇನ್ನೊಂದು. ಕಾಕಾ ಪ್ರತಿಯೊಂದನ್ನೂ ದೂರ ಹಿಡಿದು, ತಲೆ ವಾರೆ ಮಾಡಿ ನೋಡುತ್ತಿದ್ದ. ಆತ್ಯಾ ನೋಡುತ್ತಲೇ ಇರಲಿಲ್ಲ. ಅವಳ ಕಣ್ಣು ಹೊರಗೆ ರಸ್ತೆಯ ಮೇಲಿತ್ತು. ಕೈ ಮಾತ್ರ ಒಂದೊಂದೇ ಥಾನಿನ ಮೂಲೆ ಮಗುಚಿ, ಬೆನ್ನಿನ ಮೇಲೆ ಹೆಬ್ಬೆರಳು ಎಳೆದು, ಬಿಟ್ಟುಬಿಡುತ್ತಿತ್ತು. ಡಿಸೈನು ಮೇಲಿನ ಬದಿಗಿದೆ ಎಂದು ಅಂಗಡಿಯವನು ಮರಾಠಿಯಲ್ಲಿ ಎರಡು ಸಲ ಹೇಳಿದ. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ, ಅಥವಾ ನನಗೆ ಹಾಗೆ ನೆನಪಿದೆ. ಕೊನೆಗೆ ಒಂದು ಥಾನಿನ ಮೇಲೆ ಬೆರಳು ನಿಂತಿತು. ಅದರ ಮೇಲಿನ ಬದಿಗೆ ಉಬ್ಬಿದ ನೂಲಿನ ಬಳ್ಳಿ, ಹೂವು. ಕೆಳಗಿನ ಬದಿಗೆ ಬಿಗಿಯಾದ, ಎಲೆಯ ನರಗಳಂಥ ನೇಯ್ಗೆ. "ಇದ ಕೊಡ್ರಿ. ಬಾಳಿಕಿ ಬರತೈತಿ," ಎಂದಳು.

ಮುಂದಿನ ವಾರ ಸೋಫಾದವನು ಮನೆಗೇ ಬಂದ. ಚೌಕಟ್ಟಿನ ಮೇಲೆ ಬಟ್ಟೆ ಹಾಸಿದವಳು ಆತ್ಯಾ. ಒಂದು ತುದಿ ಕಾಕಾ ಹಿಡಿದಿದ್ದ, ಇನ್ನೊಂದು ತುದಿ ನಾನು. ಬಟ್ಟೆಯ ಬೆನ್ನು ಮೇಲಿತ್ತು. ಸುತ್ತಿಗೆ ಎತ್ತುವ ಮೊದಲು ಸೋಫಾದವನು ಇದೇ ಬದಿಯೇ ಎಂದು ಕೇಳಿದ. ಆತ್ಯಾ ಇನ್ನೊಮ್ಮೆ ಹೆಬ್ಬೆರಳು ಎಳೆದು, ಹೌದು, ಇದೇ ಬದಿ ಎಂದಳು. ಹೂವುಗಳು ಕೆಳಗೆ, ನನ್ನ ಮೊಣಕಾಲಿನ ಕಡೆಗೆ ಮುಖ ಮಾಡಿದ್ದವು. ನಾನು ಅವನ್ನು ಕಂಡೆ. ಹೇಳಿದೆನೋ ಇಲ್ಲವೋ ಎಂಬುದೇ ಪ್ರಶ್ನೆ. ಕೆಲವು ವರ್ಷ ನಾನು ಹೇಳಿದೆ, ಸುತ್ತಿಗೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ ಎಂದು ನೆನಪಾಗುತ್ತದೆ. ಕೆಲವು ವರ್ಷ, ನನಗೊಬ್ಬಳಿಗೇ ಗೊತ್ತಿರುವ ಗುಟ್ಟೆಂದು ಬಾಯಿ ಮುಚ್ಚಿಕೊಂಡು ಕೂತಂತೆ. ಆಗಲೂ ನಾನು ದಿನಚರಿ ಬರೆಯುತ್ತಿದ್ದೆ. ಹುಡುಕಿ ತೆಗೆದರೆ ಅದರಲ್ಲಿ ಇರುವುದು ಇಷ್ಟೇ: ಸೋಫಾ ಆಯಿತು, ಕೂತರೆ ತೊಡೆ ಚುಚ್ಚುತ್ತದೆ.

ಬೀಗರು ಬಂದರು. ಕಾಕಾನ ಅತ್ತೆಯಾಗಲಿದ್ದವರು ಕೂತಲ್ಲೇ ಕೈ ಆಡಿಸಿ, ಬಟ್ಟೆಯ ಅಂಚನ್ನು ಎತ್ತಿ ನೋಡಿ, "ಇದೇನ್ರಿ ಬೀಗರ, ಸೋಫಾಕ ಅಂಗಿ ತಿರುವಿ ತೊಡಿಸೀರಲ್ಲ?" ಎಂದರು. ಪಡಸಾಲೆಯೆಲ್ಲ ನಕ್ಕಿತು. ಅಪ್ಪನೂ ನಕ್ಕ. ಕಾಕಾನ ಕಿವಿ ಕೆಂಪಾಯಿತು. ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಆತ್ಯಾ ಎಲ್ಲರಿಗಿಂತ ಕೊನೆಗೆ ನಕ್ಕಳು. "ಎಲಿ ತಿಕ್ಕೂ ಕೈರಿ ನಂದು. ಸೋಫಾದ್ದೇನ ತಿಳಿತೈತಿ ಇದಕ್ಕ," ಎಂದು ಚಹಾ ಕೊಟ್ಟಳು. ಲಗ್ನಕ್ಕೆ ಮೊದಲೇ ಕಾಕಾ ಅದರ ಮೇಲೆ ಮಖಮಲ್ಲು ಹೊದಿಸಿದ.

ಆ ಸಲದ ಎಲೆ ಬಂದಾಗ ವ್ಯಾಪಾರಿ ಎಂದಿನಂತೆ ಒಂದು ಎಲೆಯನ್ನು ಆತ್ಯಾಳ ಕಡೆ ಚಾಚಿದ. ಅವಳು ಕೈ ಮುಂದೆ ಮಾಡಿದ್ದಳು. ಕಾಕಾ ಅಲ್ಲೇ ಇದ್ದ. "ಆಕಿಗಿ ತೋರಸಬ್ಯಾಡ್ರಿ ಸಾವಕಾರ. ಮಾರಿ ಯಾವ್ದು, ಬೆನ್ನ ಯಾವ್ದು ಗುರ್ತ ಹತ್ತಂಗಿಲ್ಲ ಆಕಿಗಿ," ಎಂದ. ಚೇಷ್ಟೆಯ ಮಾತು, ಅದರಲ್ಲಿ ವಿಷವಿರಲಿಲ್ಲ, ಕಾಕಾ ಅಂಥವನಲ್ಲ. ಆತ್ಯಾ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಸೆರಗಿಗೆ ಒರೆಸಿಕೊಂಡಳು. ಅದು ಬರಿಗೈ, ಒರೆಸಿಕೊಳ್ಳಲು ಏನೂ ಇರಲಿಲ್ಲ. ಆಮೇಲೆ ಅವಳು ಆ ಗೋಣಿತಟ್ಟಿನ ಮೇಲೆ ಕೂತದ್ದು ನನಗೆ ನೆನಪಿಲ್ಲ. ಕೂತಿರಲೂಬಹುದು, ನನ್ನ ದುಃಖಕ್ಕೆ ಅನುಕೂಲವಾಗಲೆಂದು ನಾನೇ ಅದನ್ನು ಅಳಿಸಿಕೊಂಡಿರಲೂಬಹುದು. ನಾನು ಧಾರವಾಡದಲ್ಲಿ ಓದುತ್ತಿದ್ದಾಗ ಅವಳು ತೀರಿಕೊಂಡಳು.

ಮೊನ್ನೆ ಬಾಬುಭಾಯಿ ಮೊದಲು ನಾನು ಹಾಕಿಸಿದ್ದ ರೆಕ್ಸಿನ್ ಕಿತ್ತ, ಆಮೇಲೆ ಕಾಕಾನ ಮಖಮಲ್ಲು, ಅದರಡಿಯಲ್ಲಿ ಆತ್ಯಾಳ ಬಟ್ಟೆ. ಅದನ್ನು ಬಿಡಿಸಿ, ಮಗುಚಿ ನೋಡಿ ನನ್ನನ್ನು ಕರೆದ. ಇಷ್ಟು ವರ್ಷ ಬೆಳಕು ಕಾಣದ ಹೂವುಗಳು ಈಗಷ್ಟೇ ಮಗ್ಗದಿಂದ ಇಳಿದಂತೆ ಇದ್ದವು. ಅಂಚಿನಲ್ಲಿ ಒಂದು ಗೇಣು ಬಟ್ಟೆಯನ್ನು ಹೆಚ್ಚಾಗಿ ಬಿಟ್ಟು, ಒಳಗೆ ಮಡಚಿ, ಉದ್ದುದ್ದ ಹೊಲಿಗೆ ಹಾಕಿತ್ತು. ಅದು ಸೋಫಾದವರ ಹೊಲಿಗೆಯಲ್ಲ, ಹೆಣ್ಣುಮಕ್ಕಳ ಕೈಯದು ಎಂದು ಅವನು ತೋರಿಸಿದ. "ಹಿಂದಕ ತಿಳದವರು ಹಿಂಗ ಮಾಡತಿದ್ರು ಅಕ್ಕಾರ. ದಿನಾ ಕುಂದ್ರಾಕ ಬೆನ್ನ ಮ್ಯಾಲ. ಮನ್ಯಾಗ ಲಗ್ನ ಬಂತಂದ್ರ ತಿರುವಿ ಹಾಕೂದು. ಅದಕ್ಕ ಅರಿವಿ ಇಷ್ಟ ಬಿಟ್ಟಾರ."

ಆ ಮನೆಯಲ್ಲಿ ಆಗ ಬರಲಿದ್ದ ಲಗ್ನ ಕಾಕಾನದೇ. ನಾನು ನಾರಿನ ಧೂಳಿನಲ್ಲೇ ಕೂತುಬಿಟ್ಟೆ. ತಮ್ಮನ ಲಗ್ನದ ದಿನಕ್ಕೆಂದು ಹೂವುಗಳನ್ನು ಒಳಗೆ ಮುಚ್ಚಿಟ್ಟಿದ್ದಳೇ? ಹಾಗಿದ್ದರೆ ಬೀಗರ ಮುಂದೆ ಒಂದು ಮಾತು ಹೇಳದೆ ಯಾಕೆ ನಕ್ಕಳು? ಗಂಡನಿಲ್ಲದವಳು ಲಗ್ನದ ವಿಷಯದಲ್ಲಿ ಮುಂದೆ ಬರಬಾರದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಯಾರೂ ಹೇಳದೆಯೇ ಅವಳು ಅದನ್ನು ಕಲಿತಿದ್ದಳು. ಆದರೆ ಇದನ್ನು ನಂಬಲು ನನಗೆ ಇಷ್ಟೊಂದು ಆಸೆ ಇರುವುದರಿಂದಲೇ ಹೆದರಿಕೆ. ಆ ಹೊಲಿಗೆ ಬೇರೆ ಯಾರದೋ ಇರಬಹುದು. ಬಾಬುಭಾಯಿ ಒಳ್ಳೆಯ ಮನುಷ್ಯ. ನನ್ನ ಮುಖ ನೋಡಿ ಸಮಾಧಾನಕ್ಕೆ ಹೇಳಿರಲೂಬಹುದು.

ಅವನು ಹೊಸ ಬಟ್ಟೆಗಳ ತುಂಡು ಅಂಟಿಸಿದ ದಪ್ಪ ಪುಸ್ತಕವನ್ನು ಬಿಟ್ಟುಹೋಗಿದ್ದಾನೆ. ಬೆನ್ನು ಒರಗುವ ಕಡೆಗೆ ನಾನು ಅದರಲ್ಲಿ ಒಂದನ್ನು ಆರಿಸಬೇಕು. ಗೆರೆಯದು, ಗಂಟುಗಂಟಿನದು, ನಯವಾದದ್ದು. ಪ್ರತಿಯೊಂದನ್ನೂ ಮಗುಚಿ ಹೆಬ್ಬೆರಳು ಎಳೆಯುತ್ತಿದ್ದೇನೆ. ಈಗಲೂ ಏನೂ ತಿಳಿಯುವುದಿಲ್ಲ. ಕೂರುವ ಕಡೆಗೆ ಆತ್ಯಾಳ ಬಟ್ಟೆಯೇ ಸಾಕು, ಇನ್ನೂ ಗಟ್ಟಿಯಿದೆ ಎಂದಿದ್ದಾನೆ ಬಾಬುಭಾಯಿ. ಯಾವ ಬದಿ ಮೇಲೆ ಬರಬೇಕೆಂದು ಸೋಮವಾರ ಹೇಳಬೇಕಂತೆ. ಅವಳು ಆ ಹೂವುಗಳನ್ನು ಕಾದಿರಿಸಿದ್ದರೆ, ತಿರುವುವುದು ಅವಳು ಬಿಟ್ಟುಹೋದ ಕೆಲಸ. ತನ್ನ ಬೆರಳಿಗೆ ನಿಜವೆನಿಸಿದ ಬದಿಯನ್ನೇ ಅವಳು ಮೇಲೆ ಇಟ್ಟಿದ್ದರೆ, ತಿರುವಿದ ನಾನು ಅಂದಿನ ಆ ನಗೆಯಲ್ಲಿ ತಡವಾಗಿ ಸೇರಿದಂತೆ.

ಅಂದು ಆ ಬಟ್ಟೆಯ ಇನ್ನೊಂದು ತುದಿ ಹಿಡಿದಿದ್ದ ಕಾಕಾ ಒಬ್ಬನೇ ಈಗ ಉಳಿದಿದ್ದಾನೆ. ನಿಪ್ಪಾಣಿಗೆ ಫೋನು ಮಾಡಿ ಹೂವು, ಹೊಲಿಗೆ, ಬಾಬುಭಾಯಿಯ ಮಾತು ಎಲ್ಲವನ್ನೂ ಹೇಳಿದೆ. ಅವನು ಸಂಜೆ ತಾನೇ ಫೋನು ಮಾಡುತ್ತೇನೆಂದು ಇಟ್ಟುಬಿಟ್ಟ. ಮೂರು ಸಂಜೆಗಳಾದವು. ನಾಳೆ ಸೋಮವಾರ. ನಾನು ಕೇಳಿದ್ದು ಇಷ್ಟೇ: "ಕಾಕಾ, ಆವತ್ತ ಅರಿವಿ ಹಾಸುಮುಂದ ನೀ ಆ ಕಡೆ ಹಿಡದಿದ್ದಿ. ಹೂವಿನ ಬದಿ ಒಳಗ ಹೊಂಟೈತಿ ಅಂತ ಆತ್ಯಾಗ ಗೊತ್ತಿತ್ತೋ, ಇಲ್ಲೋ?"