ಮಾವನ ಐಸು, ಅಮ್ಮನ ಸೀಸೆ

ನನ್ನ ಸೋದರಮಾವ ಮೂವತ್ತು ವರ್ಷ ಐಸ್ ಫ್ಯಾಕ್ಟರಿಯಲ್ಲಿ ದುಡಿದ. ಐಸಿನ ಗಡ್ಡೆಯನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿಯೇ ಅದು ಸಂಜೆವರೆಗೆ ತಾಳುತ್ತದೋ ಇಲ್ಲವೋ ಹೇಳುತ್ತಿದ್ದ. ಚಿಕ್ಕಂದಿನಲ್ಲಿ ನನಗೆ ಜ್ವರ ಬಂದರೆ ಅಮ್ಮ ಒದ್ದೆಬಟ್ಟೆ ಹುಡುಕುತ್ತಿರಲಿಲ್ಲ, ಹಣೆಯ ಮೇಲೆ ಐಸಿನಷ್ಟೇ ತಣ್ಣನೆಯ ಕೈಯಿಡಲು ತಮ್ಮನನ್ನು ಕರೆಸುತ್ತಿದ್ದಳು. ಈಗ ಅವನೂ ಇಲ್ಲ, ಫ್ಯಾಕ್ಟರಿಯೂ ಇಲ್ಲ.

ಅಮ್ಮನಿಗೆ ಸಕ್ಕರೆ ಕಾಯಿಲೆ. ದಿನಕ್ಕೆರಡು ಹೊತ್ತು ಇನ್ಸುಲಿನ್. ಮಾವ ಇದ್ದ ಕಾಲದಲ್ಲಿ ಒಮ್ಮೆ, ನನ್ನ ತಂಗಿಯ ಮಗುವನ್ನು ನೋಡಲು ಎರಡು ದಿನದ ರೈಲು ಪ್ರಯಾಣ ಎಂದಾಗ ಔಷಧಿ ಕಾಯುವ ಹೊಣೆ ಮಾವನೇ ಹೊತ್ತ. ಟಿಫನ್ ಕ್ಯಾರಿಯರಿನ ಕೆಳಗಿನ ಡಬ್ಬಿಗಳಿಗೆ ಐಸು ತುಂಬಿ, ಮೇಲಿನದರಲ್ಲಿ ಸೀಸೆಯನ್ನು ಬಟ್ಟೆ ಸುತ್ತಿ ಮಲಗಿಸಿದ.

"ಏನ್ ಮಾವ, ಐಸಿನ ಮಧ್ಯೆ ಬದುಕ್ಕೊಂಡು ಸೀಸೆಗೆ ಐಸು ಮುಟ್ಟಿಸೋಕೆ ಇಷ್ಟು ಜಿಪುಣತನಾನಾ?"

"ಅದಕ್ಕೆ ತಂಪು ಸಾಕು ಅಳಿಯ, ಚಳಿ ಬೇಡ. ಸುಮ್ನೆ ಕೂತ್ಕೋ."

ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಮಧ್ಯಾಹ್ನ ಬೋಗಿ ಕಾದ ಹೆಂಚಾಯಿತು. ಮಾವ ಗೊರಕೆ ಹೊಡೆಯುತ್ತಿದ್ದ. ಫ್ಯಾಕ್ಟರಿಯಲ್ಲಿ ನೀರು ಗಡ್ಡೆಕಟ್ಟಲೆಂದು ತೊಟ್ಟಿಗೆ ಉಪ್ಪು ಸುರಿಯುವುದನ್ನು ನಾನೂ ಕಂಡಿದ್ದೆ. ಬುತ್ತಿಯ ಜೊತೆಗಿದ್ದ ಉಪ್ಪನ್ನೆಲ್ಲ ಐಸಿಗೆ ಬೆರೆಸಿ ಸೀಸೆಯನ್ನು ಅದರೊಳಗೆ ಹೂತುಬಿಟ್ಟೆ.

ಮಾವ ಎದ್ದು ನೋಡುವಾಗ ಔಷಧಿ ಹೆಪ್ಪುಗಟ್ಟಿ ಕಲ್ಲಾಗಿತ್ತು.

"ಕರಗಿಸಿದ್ರೆ ಆಯ್ತಪ್ಪ!" ಎಂದು ನಾನೇ ರೇಗಿದೆ. ತಪ್ಪು ಮಾಡಿದವನ ಗಂಟಲು ಯಾವಾಗಲೂ ದೊಡ್ಡದು.

"ಕರಗಿದ್ರೂ ಇನ್ನು ಕೆಲಸಕ್ಕೆ ಬರಲ್ವೋ. ಐಸಿಗೇ ಪಾಠ ಹೇಳೋಕೆ ಹೋದ್ಯಲ್ಲ!"

"ಹೋಗ್ಲಿ ಬಿಡ್ರೋ, ಒಂದು ಹೊತ್ತು ತಪ್ಪಿದ್ರೆ ಸಾಯ್ತೀನಾ?" ಎಂದಳು ಅಮ್ಮ. ಹಿಂದೊಮ್ಮೆ ಹಾಗೆಯೇ ತಪ್ಪಿಸಿ, ಮೂರು ದಿನ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದವಳು.

ಸಂಜೆ ದೊಡ್ಡ ಸ್ಟೇಷನ್ ಬಂತು. ಡಾಕ್ಟರ ಚೀಟಿ ಹಿಡಿದು ಮಾವ ಇಳಿದು ಓಡಿದ. ರೈಲು ಕದಲಿದರೂ ಸುಳಿವಿಲ್ಲ. ಪ್ಲಾಟ್‌ಫಾರ್ಮ್ ಮುಗಿಯುವ ಹೊತ್ತಿಗೆ ಜನರನ್ನು ತಳ್ಳಿಕೊಂಡು ಬಂದವನೇ ಕಿಟಕಿಯ ಸರಳಿನೊಳಗೆ ಹೊಸ ಸೀಸೆ ತೂರಿಸಿದ. ಬಾಗಿಲು ಹಿಡಿಯಲು ಆಗಲಿಲ್ಲ.

"ಹೋಗ್ರೋ, ಹಿಂದೆ ಬರೋ ಗಾಡೀಲಿ ಬರ್ತೀನಿ!"

ಮೊಣಕಾಲಿಗೆ ಕೈಯೂರಿ ಏದುಸಿರು ಬಿಡುತ್ತಾ ಅವನು ಚಿಕ್ಕದಾಗುತ್ತ ಹೋದದ್ದು ಇಂದಿಗೂ ಕಣ್ಣಿಗೆ ಕಟ್ಟಿದೆ.

ಅಮ್ಮ ಸೂಜಿ ಹಾಕಿಕೊಂಡಳು. ಬುತ್ತಿ ಬಿಚ್ಚಿ ಮೊದಲು ತಮ್ಮನ ಪಾಲು ತೆಗೆದಿಟ್ಟಳು. ನಾನು ಅವಳ ಮುಖ ನೋಡದೆ ತಿಂದೆ.

ನಾವು ತಲುಪಿದ ಮರುದಿನ ಮಾವನೂ ನನ್ನ ತಂಗಿಯ ಮನೆಗೆ ಬಂದ. ತಪ್ಪಾಯ್ತು ಅನ್ನಲು ನನಗೆ ಬಾಯಿ ಬರಲಿಲ್ಲ. ಸ್ನಾನಕ್ಕೆ ನೀರು ಕಾಯಿಸಿ ಬಚ್ಚಲಿಗೆ ಹೊತ್ತುಕೊಟ್ಟೆ.

"ಅಕ್ಕಾ," ಒಳಗಿಂದ ಕೂಗಿದ, "ನಿನ್ನ ಮಗ ನೀರನ್ನ ಮಾತ್ರ ಹದವಾಗಿ ಕಾಯಿಸ್ತಾನೆ ಕಣೆ!"