ಲೆಕ್ಕಕ್ಕೆ ಸಿಗದ ಹೊಟ್ಟೆನೋವು

ಗಾದ್ರಮ್ಮನಿಗೆ ನಾಲ್ಕು ತಾಲ್ಲೂಕಿನ ಜನ ಕೂಲಿ ಬಾಕಿ ಇಟ್ಟುಕೊಂಡಿದ್ದಾರೆ. ಅವಳು ಕೇಳುವುದಿಲ್ಲ. ಹೊಟ್ಟೆಯ ಬಟ್ಟಿ ತೆಗೆದಿದ್ದಕ್ಕೆ ದುಡ್ಡು ಮುಟ್ಟಿದರೆ ಕೈಗುಣ ಹೋಗುತ್ತದೆಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು. ಹೊಟ್ಟೆನೋವೆಂದು ಬಂದವರನ್ನು ಅಂಗಾತ ಮಲಗಿಸಿ, ಹೊಕ್ಕಳ ಮೇಲೆ ಪುಟ್ಟ ಹಣತೆ ಹಚ್ಚಿಟ್ಟು, ತಂಬಿಗೆ ಬೋರಲು ಹಾಕುತ್ತಾಳೆ. ದೀಪ ಆರಿ ತಂಬಿಗೆ ಹೊಟ್ಟೆಯನ್ನು ಕಚ್ಚಿ ಹಿಡಿದರೆ, ಜಾರಿದ ಬಟ್ಟಿ, ಅಂದರೆ ಹೊಕ್ಕಳ ನರ, ಜಾಗಕ್ಕೆ ಬಂತೆಂದು ನಂಬಿಕೆ.

ಊರು ಜಗಳೂರು ಕಡೆ. ಸುಗ್ಗಿಯಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸುತ್ತಿ ಅಡಿಕೆ ಸುಲಿಯುತ್ತಾಳೆ.

ಈ ಸಲ ಬಸವಾಪಟ್ಟಣದಲ್ಲಿ ನೋವು ಬಂದದ್ದು ಅವಳ ತಮ್ಮ ಗುರುಸ್ವಾಮಿಗೆ. ಅಡಿಕೆ ಚೀಲ ಹೊರುವವನು, ಬಟವಾಡೆಯ ದಿನ ಖಾಲಿ ಹೊಟ್ಟೆಗೆ ಮದ್ಯದ ಪ್ಯಾಕೆಟ್ ಹಾಕುವವನು. ಬೆಳಿಗ್ಗೆ ಮೇಲ್ಹೊಟ್ಟೆಯಲ್ಲಿ ಹಿಡಿದದ್ದು ಬೆನ್ನಿಗೆ ಹಾಯಿತು. ವಾಂತಿ ನಿಲ್ಲಲಿಲ್ಲ. ಮಲಗಲಾರ, ಮುಂದಕ್ಕೆ ಬಾಗಿ ಕೂತರೆ ಮಾತ್ರ ಉಸಿರು. ಗಾದ್ರಮ್ಮ ಭುಜ ಒತ್ತಿ ಮಲಗಿಸಿದಳು. ತಂಬಿಗೆ ಕಚ್ಚಿತು, ನೋವು ಬಿಡಲಿಲ್ಲ. ಮತ್ತೆ ಹಾಕಿದಳು. ಅವನ ಮುಖ ಬೂದಿಯಾದಾಗ, ಜೊತೆಯಲ್ಲಿ ಅಡಿಕೆ ಸುಲಿಯುವ ದೊಡ್ಡಕ್ಕ ಎಂಬುವಳಿಗೆ ತಡೆಯಲಾಗಲಿಲ್ಲ.

"ಆ ತಂಬಿಗೇಲಿ ನೀರು ಕುಡಿ, ಸಾಕು. ಒಡಹುಟ್ಟಿದೋನ್ನ ಕೊಲ್ಲಾಕೆ ಕುಂತೀಯೇನೆ?"

ಆಂಬುಲೆನ್ಸ್ ಕರೆಸಿದವಳೂ ಅವಳೇ.

ದೊಡ್ಡಾಸ್ಪತ್ರೆಯ ಡಾಕ್ಟರ್ ಅಂಬಿಕಾ ವಿವರಿಸಿದರು: ಜಠರದ ಹಿಂದಿರುವ ಮೇದೋಜೀರಕ ಗ್ರಂಥಿ ಊದಿದೆ, ಅದರ ರಸ ಅದನ್ನೇ ಸುಡುತ್ತಿದೆ. ಕುಡಿತದಿಂದ ಬರುತ್ತದೆ, ಪಿತ್ತಕೋಶದ ಕಲ್ಲಿನಿಂದಲೂ ಬರುತ್ತದೆ. ಉಳಿಯುತ್ತಾನೋ ಇಲ್ಲವೋ ಈಗಲೇ ಹೇಳಲಾಗದು. ಬೇಗ ಬಂದವರಲ್ಲಿ ಉಳಿಯುವವರೇ ಹೆಚ್ಚು.

ಗಾದ್ರಮ್ಮ ಕೂರಲಿಲ್ಲ. ವಾರ್ಡಿನ ಬಾಗಿಲಿಗೂ ಮೆಟ್ಟಿಲಿಗೂ ತಿರುಗಿದಳು. ಡಾಕ್ಟರು ಮತ್ತೆ ಬಂದಾಗ ಅಡ್ಡ ನಿಂತು ಕೇಳಿದಳು, ಇಂಥ ನೋವಿನವರು ಮೊದಲು ಅಪರೂಪ, ಈಗ ಪ್ರತಿ ಸುಗ್ಗಿಗೂ ಬರುತ್ತಾರಲ್ಲ, ಯಾಕೆ? ಹಲವು ದೇಶಗಳಲ್ಲಿ ಇಂಥ ರೋಗಿಗಳನ್ನು ದಶಕಗಳಿಂದ ಎಣಿಸುತ್ತಿದ್ದಾರೆ, ಅಲ್ಲಿ ಹೆಚ್ಚಿನ ಕಡೆ ಏರುತ್ತಿದೆ ಎಂದರು ಡಾಕ್ಟರು.

"ನಮ್ಮ ಕಡೇದು?"

"ಯಾರು ಎಣಿಸಿದಾರಮ್ಮ? ಆಸ್ಪತ್ರೆಗೆ ಬಂದವರು ಗೊತ್ತಾಗ್ತಾರೆ. ಬರದೆ ಹೋದವರು ಯಾರಿಗೆ ಗೊತ್ತು?"

ಬರದೆ ಹೋದವರು ಗಾದ್ರಮ್ಮನಿಗೆ ಗೊತ್ತಿದ್ದರು.

ತಮ್ಮ ಉಳಿದ. ಅವನು ಗಂಜಿ ಕುಡಿಯುವಷ್ಟಾದಾಗ ಇವಳು ಸಾಸ್ವೆಹಳ್ಳಿ ಬಸ್ಸು ಹತ್ತಿದಳು. ಅಲ್ಲಿನ ಶಿವಮೂರ್ತಪ್ಪ ಹೋದ ಸುಗ್ಗಿಯಲ್ಲಿ ಹೀಗೇ ಬಾಗಿ ಕೂತಿದ್ದ. ತಂಬಿಗೆ ಹಾಕಿ ಮನೆಗೆ ಕಳಿಸಿದ್ದಳು. ಅವನ ಹೆಂಡತಿ ಲಕ್ಷ್ಮಮ್ಮ ನೀರು ಕೊಟ್ಟು ಕೂರಿಸಿದಳು.

"ಮೂರ್ನೇ ದಿನಕ್ಕೆ ಹೋದ್ರು ಕಣಕ್ಕ. ನಿನ್ನ ಕೈ ಕೆಟ್ಟದ್ದು ಅನ್ನಲ್ಲ. ಆಸ್ಪತ್ರೆಗೆ ತೋರ್ಸ್ರಿ ಅಂದಿದ್ರೆ ಹೋಗ್ತಿದ್ವಿ. ನಿನ್ನ ಮಾತು ನಂಬಿದ್ವಿ."

ಗಾದ್ರಮ್ಮ ನೀರಿನ ಲೋಟ ಕೆಳಗಿಟ್ಟು ಎದ್ದಳು. ಅಲ್ಲಿಂದ ನ್ಯಾಮತಿಗೆ, ಅಲ್ಲಿಂದ ಚನ್ನಗಿರಿಗೆ. ತಾನು ಮುಟ್ಟಿದ ಹೊಟ್ಟೆಗಳನ್ನು ಹುಡುಕಿಕೊಂಡು, ಉಳಿದವರೆಷ್ಟು ಹೋದವರೆಷ್ಟು ಎಂದು ಎಣಿಸುತ್ತ ಇನ್ನೂ ಅಲೆಯುತ್ತಿದ್ದಾಳೆ. ಕೆಲವು ಮನೆಯಲ್ಲಿ ಚಾ ಕೊಡುತ್ತಾರೆ, ಕೆಲವು ಮನೆಯಲ್ಲಿ ಬಾಗಿಲು ಹಾಕುತ್ತಾರೆ.

ಓದಿ ಅಯ್ಯೋ ಪಾಪ ಅನ್ನಬೇಡಿ. ಎಣಿಸುವುದು ಅವಳೊಬ್ಬಳ ಕೆಲಸವಲ್ಲ. ನಿಮ್ಮ ಬೀದಿಯಲ್ಲಿ ಹೊಟ್ಟೆನೋವೆಂದು ಮಲಗಿ ಎದ್ದೇಳದವರು ಯಾರು? ಮನೆಮನೆಗೆ ಹೋಗಿ ಕೇಳಿ. ಆ ಹೆಸರುಗಳನ್ನು ತಾಲ್ಲೂಕು ಆಸ್ಪತ್ರೆಗೆ ಒಯ್ಯಿರಿ, ಬರೆದುಕೊಳ್ಳುವವರೆಗೆ ಬಾಗಿಲು ಬಿಟ್ಟು ಕದಲಬೇಡಿ.